ಸೇಫ್ಟಿ ಶೂ ಮೇಲಿನ ಅಕ್ಷರಗಳು ಏನು ಹೇಳುತ್ತವೆ?

ಸುಂಕದಕಟ್ಟೆಯಿಂದ ದಿನವೂ ಪೀಣ್ಯ, ಕಾಮಾಕ್ಷಿಪಾಳ್ಯದ ಕಡೆ ಕೆಲಸಕ್ಕೆ ಹೋಗುವವರು ಬಹಳ ಮಂದಿ. ನಮ್ಮಲ್ಲಿ ಹಲವರ ಅಬ್ಬಾ, ಅಣ್ಣಂದಿರು ಲೇತ್, ವೆಲ್ಡಿಂಗ್, ಕಟ್ಟಡದ ಕೆಲಸ ಮಾಡುವವರೇ. ನನ್ನ ಅಣ್ಣ ಮಷಿನ್ ಶಾಪ್ ಬಿಟ್ಟು ಎಲೆಕ್ಟ್ರಿಷಿಯನ್ ಕೆಲಸಕ್ಕೆ ಸೇರುವಾಗ, "ಶೂ ಹೇಗೂ ಇದೆಯಲ್ಲ, ಅದೇ ಸಾಕು" ಎಂದ. ಅದು ಸಾಕೇ ಎಂದು ತಿಳಿಯಲು ಶೂ ಮೇಲಿನ ಗುರುತುಗಳನ್ನು ಓದಲು ಕಲಿತೆ. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತೇನೆ.

ಭಾರತದಲ್ಲಿ ಇದರ ಮಾನಕ ಐಎಸ್ 15298. ಇದರ ಭಾಗ 2 ಸೇಫ್ಟಿ ಶೂಗಳಿಗೆ ಸಂಬಂಧಿಸಿದ್ದು. ಇಂಥ ಶೂನ ಮುಂಭಾಗದ ಟೋ ಕ್ಯಾಪ್ 200 ಜೌಲ್ ಪೆಟ್ಟನ್ನು ತಡೆಯಬೇಕು. ಫಿಸಿಕ್ಸ್ ತರಗತಿಯ ಎಂಜಿಎಚ್ ಸೂತ್ರ ನೆನಪಿಸಿಕೊಳ್ಳಿ: 20 ಕೆ.ಜಿ. ಕಬ್ಬಿಣ ಸುಮಾರು 1 ಮೀಟರ್ ಎತ್ತರದಿಂದ ಬಿದ್ದರೆ ಅಷ್ಟು ಶಕ್ತಿ. ಭಾಗ 3ರ ಶೂಗಳಿಗೆ ಇದು 100 ಜೌಲ್ ಮಾತ್ರ. ಭಾಗ 4ರ ಶೂಗಳಿಗೆ ಟೋ ಕ್ಯಾಪ್ ಕಡ್ಡಾಯವೇ ಅಲ್ಲ.

ಇನ್ನು ಅಕ್ಷರಗಳು. 'ಎಸ್‌ಬಿ' ಎಂದರೆ ಟೋ ಕ್ಯಾಪ್ ಇರುವ ಮೂಲ ಶೂ. 'ಎಸ್1'ರಲ್ಲಿ ಹಿಮ್ಮಡಿ ಮುಚ್ಚಿರುತ್ತದೆ, ಹಿಮ್ಮಡಿಗೆ ಬೀಳುವ ಹೊಡೆತ ತಗ್ಗುತ್ತದೆ, ಮೈಯಲ್ಲಿ ಸೇರುವ ಸ್ಥಿರ ವಿದ್ಯುತ್ತು ಇಳಿದುಹೋಗುತ್ತದೆ. ಜೊತೆಗೆ 'ಪಿ' ಇದ್ದರೆ 1,100 ನ್ಯೂಟನ್ ಬಲದವರೆಗೆ ಮೊಳೆ ಒಳಗೆ ತೂರದು. ಲೋಹದ ಚೂರು ಬೀಳುವ ಲೇತ್ ಶಾಪ್‌ಗೆ ಇದು ಬೇಕು. 'ಎಸ್2' ಎಂದರೆ ಎಸ್1ರ ಗುಣಗಳ ಜೊತೆಗೆ ನೀರು ಬೇಗ ಒಳಗಿಳಿಯದು. 'ಎಸ್3' ಎಂದರೆ ಅದಕ್ಕೆ ಮೊಳೆ ತಡೆ ಮತ್ತು ಹಲ್ಲಿನ ಅಡಿಭಾಗ ಸೇರಿದ್ದು. ಕೆಸರು, ಮೊಳೆ, ಹಲಗೆಗಳಿರುವ ಕಟ್ಟಡದ ಕೆಲಸಕ್ಕೆ ತಕ್ಕದ್ದು. ನೀರು ಸದಾ ನಿಂತಿರುವ ಕಡೆಗೆ ರಬ್ಬರ್ ಅಥವಾ ಪಿವಿಸಿಯ ಎಸ್4, ಎಸ್5 ಬೂಟು. 'ಎಚ್‌ಆರ್‌ಒ' ಎಂದರೆ ಅಡಿಭಾಗ 300 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು ಒಂದು ನಿಮಿಷ ತಾಳುತ್ತದೆ.

ಈಗ ಅಣ್ಣನ ಪ್ರಶ್ನೆಗೆ ಬರೋಣ. ಅವನ ಶೂ ಎಸ್1ಪಿ. ಸ್ಥಿರ ವಿದ್ಯುತ್ತು ನೆಲಕ್ಕೆ ಇಳಿಯಬೇಕಾದರೆ ಶೂ ಸ್ವಲ್ಪವಾದರೂ ವಿದ್ಯುತ್ತನ್ನು ಹಾಯಿಸಲೇಬೇಕು. ಹೀಗಾಗಿ ಅದರ ರೋಧ ಒಂದು ಮಿತಿಯೊಳಗೆ ಇರುತ್ತದೆ. ಕರೆಂಟ್ ಇರುವ ತಂತಿ ತಾಗಿದರೆ ಅದು ಕಾಪಾಡುತ್ತದೆ ಎಂದು ನಂಬುವಂತಿಲ್ಲ. ಆ ಕೆಲಸಕ್ಕೆ ವಿದ್ಯುತ್ ನಿರೋಧಕ ಶೂಗಳೇ ಬೇರೆ. ಅವನ್ನು ಹಾಕಿದ್ದರೂ ಮೇನ್ ಸ್ವಿಚ್ ಆಫ್ ಮಾಡಿಯೇ ಕೈ ಹಾಕಬೇಕು. ಇದನ್ನು ವಿವರಿಸಿದ ಮೇಲೆ ಅಣ್ಣ ಬೇರೆ ಶೂ ಕೊಂಡ.

ಕೊಳ್ಳುವಾಗ ಐಎಸ್‌ಐ ಗುರುತು, ಅದರ ಮೇಲೆ ಐಎಸ್ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ನೋಡಿ. ಆ ಸಂಖ್ಯೆ ನಿಜವೇ ಎಂದು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರೀಕ್ಷಿಸಬಹುದು. ದೊಡ್ಡ ಪೆಟ್ಟು ಬಿದ್ದ ಶೂ ಹೊರಗೆ ಚೆನ್ನಾಗಿ ಕಂಡರೂ ಬದಲಿಸಬೇಕು. ಇಂದು ಮನೆಗೆ ಹೋದಾಗ ಬಾಗಿಲ ಬಳಿ ಬಿಟ್ಟಿರುವ ಕೆಲಸದ ಶೂವನ್ನು ಒಮ್ಮೆ ಎತ್ತಿ ನೋಡಿ. ಆ ಅಕ್ಷರಗಳು ಅವರು ಮಾಡುವ ಕೆಲಸಕ್ಕೆ ಹೊಂದುತ್ತವೆಯೇ?