ಸಿಡಿಲು ತಿಂದು ಬೆಳೆಯುವ ಕೊಳೆಗುಡ್ಡೆ

ಮಾಂತ್ರಿಕ ಕೈಯೆತ್ತಿ ಸಿಡಿಲು ಬಿಡುತ್ತಾನೆ. ಜೌಗಿನ ನಡುವೆ ನಿಂತ ಕೊಳೆತೆಲೆಗಳ ರಾಶಿಗೆ ಅದು ನೆಟ್ಟಗೆ ಬಡಿಯುತ್ತದೆ. ಬೂದಿಯಾಗಬೇಕಿದ್ದ ರಾಶಿ ಮೊದಲಿಗಿಂತ ಗಟ್ಟಿಯಾಗಿ ಮೇಲೇಳುತ್ತದೆ. ಮೇಜಿನ ಸುತ್ತ ಕೂತವರ ಮುಖ ಇಳಿಯುತ್ತದೆ, ಆಟ ನಡೆಸುವವನು ಮಾತ್ರ ಮೀಸೆಯಡಿ ನಗುತ್ತಾನೆ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಶ್ಯಾಂಬ್ಲಿಂಗ್ ಮೌಂಡ್ ಎಂಬ ಜೌಗುಭೂತ 1975ರಿಂದಲೂ ಹೊಸಬರನ್ನು ಹೀಗೆ ಬೇಸ್ತು ಬೀಳಿಸುತ್ತ ಬಂದಿದೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ರೂಪಿಸಿದ ಈ ಆಟ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ 1974ರಲ್ಲಿ ಹೊರಬಂತು. ಮೊದಲ ಮುದ್ರಣ 1,000 ಪ್ರತಿ. ‘ಸ್ಟ್ರೇಂಜರ್ ಥಿಂಗ್ಸ್’ ಸರಣಿ ನೋಡಿದವರಿಗೆ ನೆಲಮಾಳಿಗೆಯಲ್ಲಿ ಹುಡುಗರು ದಾಳ ಉರುಳಿಸುವ ದೃಶ್ಯ ನೆನಪಿರಬಹುದು, ಅದೇ ಆಟ. ಕರಾವಳಿ, ಮಲೆನಾಡಿನವರಿಗಾದರೆ ತಾಳಮದ್ದಳೆಯ ಕಡೆ ಬೆರಳು ತೋರಿಸಿದರೆ ಸಾಕು: ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಲ್ಲಿ ಪಾತ್ರ ಕಟ್ಟಬೇಕು. ವ್ಯತ್ಯಾಸ ಒಂದೇ. ತಾಳಮದ್ದಳೆಯಲ್ಲಿ ಯಾರು ಗೆಲ್ಲುತ್ತಾರೆಂದು ಪ್ರಸಂಗ ಮೊದಲೇ ಹೇಳಿರುತ್ತದೆ, ಇಲ್ಲಿ ಅದನ್ನು 20 ಮುಖದ ದಾಳ ತೀರ್ಮಾನಿಸುತ್ತದೆ.

ದಾಳಕ್ಕೆ ಎದುರಾಳಿ ಬೇಕಲ್ಲ? ಅದಕ್ಕೇ ರಾಕ್ಷಸರ ಪಟ್ಟಿ. ಶ್ಯಾಂಬ್ಲಿಂಗ್ ಮೌಂಡ್ ಮೊದಲು ಕಾಣಿಸಿಕೊಂಡದ್ದು 1975ರಲ್ಲಿ, ಆಟದ ಕಂಪನಿಯೇ ಹೊರತರುತ್ತಿದ್ದ ‘ದ ಸ್ಟ್ರಾಟೆಜಿಕ್ ರಿವ್ಯೂ’ ಪತ್ರಿಕೆಯಲ್ಲಿ. 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಪುಸ್ತಕದಲ್ಲಿ ಅದರ ಸ್ಥಾನ ಖಾಯಂ ಆಯಿತು. ಬಳ್ಳಿ, ಬೇರು, ಪಾಚಿ, ಕೊಳೆತ ಸೊಪ್ಪು ಎಲ್ಲ ಮುದ್ದೆಯಾಗಿ ಹೆಚ್ಚುಕಡಿಮೆ ಮನುಷ್ಯನ ಆಕಾರ ತಾಳಿದ, ಕಾಲೆಳೆದು ನಡೆಯುವ ಗುಡ್ಡೆ ಅದು. ಸುಮ್ಮನೆ ನಿಂತರೆ ನೆಲಕ್ಕೂ ಅದಕ್ಕೂ ಫರಕು ಗೊತ್ತಾಗುವುದಿಲ್ಲ.

ಅದರ ಕಸುಬು ಅಂಕಿಗಳಲ್ಲಿದೆ. 2014ರ ನಿಯಮಪುಸ್ತಕದ ಪ್ರಕಾರ ಒಂದು ಸರದಿಯಲ್ಲಿ ಮನುಷ್ಯ 30 ಅಡಿ ಓಡಬಲ್ಲ, ಗುಡ್ಡೆಗೆ 20 ಅಡಿಯೇ ಹೆಚ್ಚು. ಒಣನೆಲದಲ್ಲಿ ತಪ್ಪಿಸಿಕೊಳ್ಳುವುದು ಮಕ್ಕಳಾಟ. ಆದರೆ ನೀರಿಗಿಳಿದರೆ ಮನುಷ್ಯನಿಗೆ ಪ್ರತಿ ಅಡಿಗೂ ಎರಡಡಿಯ ಖರ್ಚು, 30 ಇದ್ದದ್ದು 15ಕ್ಕೆ ಇಳಿಯುತ್ತದೆ. ಈಜಬಲ್ಲ ಗುಡ್ಡೆಯ 20 ಮಾತ್ರ 20 ಆಗಿಯೇ ಉಳಿಯುತ್ತದೆ. ಮೃಗಕ್ಕೆ ಹೊಸ ಬಲವೇನೂ ಬಂದಿಲ್ಲ, ಊರು ಅದರದ್ದು ಅಷ್ಟೆ. ಅದಕ್ಕೆ ನೋಡುವ ಕಣ್ಣೂ ಇಲ್ಲ. ಸುತ್ತ 60 ಅಡಿಯೊಳಗೆ ಏನು ಅಲುಗಿದರೂ ಗೊತ್ತಾಗುತ್ತದೆ, ಅದರಾಚೆ ಏನೂ ಇಲ್ಲ.

ಕೈಗೆ ಸಿಕ್ಕವನನ್ನು ಅದು ಕಚ್ಚುವುದಿಲ್ಲ, ಒಳಗೆ ಎಳೆದುಕೊಳ್ಳುತ್ತದೆ. ಕಣ್ಣು ಕಾಣದು, ಉಸಿರಾಡಲಾಗದು, ಕೈಕಾಲು ಆಡದು. ಗುಡ್ಡೆ ಹೋದಲ್ಲಿಗೆ ಇವನೂ ಹೋಗಬೇಕು. ಕೆಸರಿನಲ್ಲಿ ಹೂತುಹೋಗುವ ಭಯಕ್ಕೇ ಎರಡು ಕೈ ಮೂಡಿದ ಹಾಗೆ.

ಇನ್ನು ಮಂತ್ರ. ಮಾಂತ್ರಿಕರ ಅಚ್ಚುಮೆಚ್ಚಿನ ಅಸ್ತ್ರಗಳು ಎರಡು, ಬೆಂಕಿಯುಂಡೆ ಮತ್ತು ಸಿಡಿಲು. ಎರಡಕ್ಕೂ ಆರು ಮುಖದ 8 ದಾಳ ಉರುಳಿಸಬೇಕು, ಸರಾಸರಿ 28 ಅಂಕದ ಪೆಟ್ಟು. ಒದ್ದೆ ಮೈಯ ಗುಡ್ಡೆಗೆ ಬೆಂಕಿ ಅರ್ಧವೇ ತಾಗುತ್ತದೆ, ಅಂದರೆ 14. ಸಿಡಿಲು ತಾಗುವುದೇ ಇಲ್ಲ, ಬದಲಿಗೆ ಕಳೆದುಕೊಂಡ ಜೀವದಲ್ಲಿ 28 ಅಂಕ ಮರಳಿ ಸಿಗುತ್ತದೆ! ಆಟಗಾರ ತನ್ನ ಜಾಣತನವನ್ನೇ ಶತ್ರುವಿಗೆ ಉಣ್ಣಿಸಿದಂತಾಯಿತು. ಬರಿಯ ಶಕ್ತಿಯ ರಾಕ್ಷಸರು ಈ ಆಟದಲ್ಲಿ ಬೇಕಾದಷ್ಟಿದ್ದಾರೆ, ಅಭ್ಯಾಸಕ್ಕೇ ಬಲೆ ಹಾಕುವವರು ಕಡಿಮೆ. ಇದೇ ಆಟದ ಫ್ರಾಗ್‌ಹೆಮತ್ ಎಂಬ ದೈತ್ಯಕಪ್ಪೆಗೆ ಬಾಹುಗಳೂ ಉದ್ದ ನಾಲಿಗೆಯೂ ಇದ್ದು ನೋಡಲು ಭೀಕರ. ಆದರೆ 1980ರ ಸಾಹಸಕಥೆಯಲ್ಲಿ ಅದು ಪತನಗೊಂಡ ಅಂತರಿಕ್ಷ ನೌಕೆಯೊಳಗೂ ಆರಾಮವಾಗಿತ್ತು. ಕೊಳೆಗುಡ್ಡೆಯ ಬಲವೆಲ್ಲ ಜೌಗಿನದ್ದು, ಅದನ್ನು ಹಾಗೆ ಎಲ್ಲೆಂದರಲ್ಲಿ ಇಡಲಾಗದು.

ಗುಡ್ಡೆಗೆ ವಂಶಾವಳಿಯೂ ಇದೆ. 1940ರಲ್ಲಿ ಥಿಯೊಡೋರ್ ಸ್ಟರ್ಜನ್ ಬರೆದ ‘ಇಟ್’ ಕಥೆಯಲ್ಲಿ ಮನುಷ್ಯನ ಎಲುಬುಗೂಡಿನ ಸುತ್ತ ಕಾಡಿನ ಕೊಳೆ ಬೆಳೆದು ಎದ್ದು ನಡೆಯುತ್ತದೆ. ಅದಕ್ಕೆ ದ್ವೇಷವಿಲ್ಲ, ಇರುವುದು ಕುತೂಹಲ. ಒಳಗೇನಿದೆ ಎಂದು ನೋಡಲು ಜೀವಿಗಳನ್ನು ಹರಿದುಹಾಕುತ್ತದೆ! 1942ರಲ್ಲಿ ‘ದ ಹೀಪ್’ ಎಂಬ ಕಾಮಿಕ್ಸ್ ಪಾತ್ರ ಬಂತು: ಮೊದಲ ಮಹಾಯುದ್ಧದಲ್ಲಿ ಪೋಲೆಂಡಿನ ಜೌಗಿಗೆ ವಿಮಾನಸಮೇತ ಬಿದ್ದ ಜರ್ಮನ್ ಪೈಲಟ್, ವರ್ಷಗಳ ನಂತರ ಸೊಪ್ಪುಸದೆಯ ದೇಹ ಹೊತ್ತು ಏಳುತ್ತಾನೆ. 1971ರಲ್ಲಂತೂ ಮಾರ್ವೆಲ್‌ನ ‘ಮ್ಯಾನ್-ಥಿಂಗ್’, ಡಿಸಿಯ ‘ಸ್ವಾಂಪ್ ಥಿಂಗ್’ ಕೆಲವೇ ತಿಂಗಳ ಅಂತರದಲ್ಲಿ ಹುಟ್ಟಿದವು. ಎರಡರ ಹಿಂದಿನ ಲೇಖಕರಾದ ಜೆರ್ರಿ ಕಾನ್ವೆ ಮತ್ತು ಲೆನ್ ವೀನ್ ಆಗ ಒಂದೇ ಮನೆ ಹಂಚಿಕೊಂಡಿದ್ದರು ಎಂದರೆ ಕಾಕತಾಳೀಯದ ವ್ಯಾಪ್ತಿ ಎಷ್ಟೆಂದು ಓದುಗರೇ ಅಳೆಯಬಹುದು. ಗೈಗ್ಯಾಕ್ಸ್ ಆಟದ ಗುಡ್ಡೆ ಈ ಮನೆತನದ್ದೇ.

ಜೌಗಿನ ಗಿಡವೇ ಬೇಟೆಗಾರನಾಗುವುದು ಬರೀ ಕಟ್ಟುಕಥೆಯಲ್ಲ. ಜೌಗುಮಣ್ಣಿನಲ್ಲಿ ಸಾರಜನಕ ಅಪರೂಪ. ಅದಕ್ಕಾಗಿ ಕೆಲವು ಸಸ್ಯಗಳು ಕೀಟಗಳಿಗೆ ಕೈಹಾಕಿದವು. ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾದ ವೀನಸ್ ಫ್ಲೈಟ್ರ್ಯಾಪ್ ಎಲ್ಲರಿಗೂ ಗೊತ್ತು. ಡಾರ್ವಿನ್ 1875ರಲ್ಲಿ ಕೀಟಾಹಾರಿ ಸಸ್ಯಗಳ ಮೇಲೆ ಒಂದಿಡೀ ಪುಸ್ತಕ ಬರೆದ. ನಮ್ಮ ಕರಾವಳಿಯ ಮುರಕಲ್ಲಿನ ಹಾಸುಗಳ ಮೇಲೆ ಮಳೆಗಾಲದಲ್ಲಿ ನೀಲಿ ಹೂ ಬಿಡುವ ಯುಟ್ರಿಕ್ಯುಲೇರಿಯಾ ಕೂಡ ಇದೇ ಪಂಗಡ. ಮೇಲೆ ಮುಗ್ಧ ಹೂವು, ಒದ್ದೆ ಮಣ್ಣಿನೊಳಗೆ ಪುಟಾಣಿ ಚೀಲಗಳ ಬಲೆ. ಸೂಕ್ಷ್ಮಜೀವಿ ತಾಗಿದರೆ ಕಣ್ಣೆವೆ ಇಕ್ಕುವ ಮೊದಲೇ ಒಳಗೆ ಸೆಳೆದುಕೊಳ್ಳುತ್ತದೆ.

ಸಿಡಿಲಿನ ಕಥೆ ಇನ್ನೂ ಸ್ವಾರಸ್ಯದ್ದು. ಮಿಂಚಿನ ಕಾವು ಗಾಳಿಯ ಸಾರಜನಕವನ್ನು ಆಮ್ಲಜನಕದೊಡನೆ ಕೂಡಿಸುತ್ತದೆ, ಮಳೆ ಅದನ್ನು ನೈಟ್ರೇಟ್ ಆಗಿ ನೆಲಕ್ಕಿಳಿಸುತ್ತದೆ. ಗಿಡಕ್ಕೆ ಅದು ಗೊಬ್ಬರ. ಗೈಗ್ಯಾಕ್ಸ್ ಈ ಲೆಕ್ಕ ಹಾಕಿರಲಿ ಬಿಡಲಿ, ಸಾರಜನಕಕ್ಕೆ ಬಾಯಿಬಿಡುವ ಜೌಗಿನ ಸಸ್ಯ ಸಿಡಿಲಿಗೆ ಹಿಗ್ಗುವುದು ಅಸಂಗತವೇನಲ್ಲ. 2014ರ ಪುಸ್ತಕವಂತೂ ಇದರ ಹುಟ್ಟನ್ನೇ ಸಿಡಿಲಿಗೆ ಕಟ್ಟುತ್ತದೆ: ಸಾಮಾನ್ಯ ಗಿಡಕ್ಕೆ ಮಿಂಚು ಅಥವಾ ಯಕ್ಷಿಮಾಯೆ ಸೋಕಿ ಎರಡನೆಯ ಜೀವ ಬರುತ್ತದೆ, ಆಮೇಲೆ ಅದು ಅಕ್ಕಪಕ್ಕದ ಗಿಡ-ಪ್ರಾಣಿಗಳನ್ನು ಕೊಂದು ಬೇರಿನ ಸುತ್ತ ಪೇರಿಸಿಕೊಳ್ಳುತ್ತದೆ.

ಜೀವ ಇರುವುದೂ ಆ ನಡುಬೇರಿನಲ್ಲೇ. ಸೋಲು ಕಂಡರೆ ಗುಡ್ಡೆ ಕುಸಿದು ಸತ್ತಂತೆ ನಟಿಸುತ್ತದೆ. ಅನುಭವಿ ಆಟಗಾರರು ಕೆಸರು ಕೆದಕಿ ಬೇರನ್ನು ಕಿತ್ತ ಮೇಲೆಯೇ ಹೊನ್ನಿನ ಚೀಲಕ್ಕೆ ಕೈಹಾಕುತ್ತಾರೆ. ಅವಸರದವರು ಹಾಗೇ ಮುಂದೆ ಹೋದರೆ ಆಟ ನಡೆಸುವವನು ತಡೆಯುವುದಿಲ್ಲ, ತನ್ನ ಪುಸ್ತಕದಲ್ಲಿ ಜೌಗಿನ ಹೆಸರಿನ ಪಕ್ಕ ಒಂದು ಗುರುತು ಹಾಕಿಕೊಳ್ಳುತ್ತಾನೆ.