ಅಷ್ಟೂರಿನ ಚಿತ್ರಿತ ಗುಮ್ಮಟ



ಇಟಲಿಯ ಅಸ್ಸೀಸಿ ಎಂಬ ಬೆಟ್ಟದೂರಿನಲ್ಲಿ ಸಂತ ಫ್ರಾನ್ಸಿಸನ ಸಮಾಧಿಯ ಮೇಲೆ ಎದ್ದಿರುವ ದೇವಾಲಯವನ್ನು ಕುರಿತು ತಾವು ಓದಿರಬಹುದು. ಬಡತನವನ್ನೇ ವ್ರತವಾಗಿ ಹಿಡಿದ ಆ ಮಹಾತ್ಮನು 1226ರಲ್ಲಿ ಕಾಲವಾದನು; 1228ರಲ್ಲಿಯೇ ಮಂದಿರಕ್ಕೆ ಅಸ್ತಿಭಾರ ಬಿದ್ದಿತು. ಚಿಮಬುಯೆ ಮೊದಲಾದ ಚಿತ್ರಕಾರರು ಅದರ ಭಿತ್ತಿಗಳನ್ನು ವರ್ಣಮಯವಾಗಿಸಿದರು. ಗುರುವೊಬ್ಬನ ಪಂಥವು ತನ್ನ ಭಕ್ತಿಯನ್ನು ಬಣ್ಣದಲ್ಲಿ ಬರೆದಿಟ್ಟ ಇಂಥ ಕಟ್ಟಡವು ಕನ್ನಡನಾಡಿನಲ್ಲಿಯೂ ಉಂಟೆ? ಉಂಟು. ಬೀದರಿನ ಪೂರ್ವಕ್ಕೆ ಸುಮಾರು ಮೂರು ಕಿಲೋಮೀಟರು ದೂರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಅಹಮದ್ ಷಾ ವಲಿಯ ಗುಮ್ಮಟವೇ ಇಂದಿನ ನಮ್ಮ ವಿಷಯ.

ಅಹಮದ್ ಷಾ 1422ರಿಂದ 1436ರವರೆಗೆ ಆಳಿದನು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು ಇವನೇ. ಕ್ಷಾಮಕಾಲದಲ್ಲಿ ಇವನು ಪ್ರಾರ್ಥಿಸಲು ಮಳೆ ಸುರಿಯಿತೆಂದೂ, ಅಂದಿನಿಂದ ಜನರು ಇವನನ್ನು ‘ವಲಿ’, ಅಂದರೆ ಸಂತ, ಎಂದು ಕರೆದರೆಂದೂ ಪ್ರತೀತಿ. ಇವನ ಮನಸ್ಸು ಪಾರಸಿಕ ದೇಶದ ಕಿರ್ಮಾನ್ ಪ್ರಾಂತದಲ್ಲಿದ್ದ ಸೂಫಿ ಗುರು ಷಾ ನಿಯಾಮತುಲ್ಲಾನಲ್ಲಿ ನೆಟ್ಟಿದ್ದಿತು. ಗುರುವು ತಾನು ಬರಲಿಲ್ಲ. ಮೊಮ್ಮಗ ನೂರುಲ್ಲಾನನ್ನು ಕಳುಹಿಸಿದನು. 1431ರಲ್ಲಿ ಗುರುವು ತೀರಿಕೊಂಡ ಮೇಲೆ ಮಗ ಖಲೀಲುಲ್ಲಾನೂ ಬೀದರಿಗೆ ಬಂದನು. ಅಷ್ಟೂರಿಗೆ ಹೋಗುವ ದಾರಿಯಲ್ಲಿರುವ ಎಂಟು ಮೂಲೆಯ ‘ಚೌಖಂಡಿ’ಯು ಅವನ ಸಮಾಧಿ. ಇತ್ತ ಸುಲ್ತಾನನು ಮಾಹಾನಿನಲ್ಲಿ ಗುರುವಿನ ಸಮಾಧಿಯ ಮೇಲೆ ಗುಮ್ಮಟವನ್ನು ಕಟ್ಟಿಸಿದನು. ಕಣ್ಣಾರೆ ಕಾಣದ ಗುರುವಿಗೆ ಸಮುದ್ರದಾಚೆಗೆ ಸಂದ ಕಾಣಿಕೆ ಅದು.

ಈಗ ಅಹಮದ್ ಷಾನ ಗುಮ್ಮಟದೊಳಕ್ಕೆ ಹೋಗೋಣ. ಹೊರಗೆ ಗಾರೆಯ ಸರಳ ಗೋಡೆ. ಒಳಗೆ ಗಾಢವಾದ ಕತ್ತಲು. ಕಾವಲುಗಾರನು ಬಾಗಿಲ ಬಳಿ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸಿದಾಗ, ಆ ಬೆಳಕು ತಗುಲಿದೆಡೆಯಲ್ಲೆಲ್ಲ ಚಿನ್ನ, ನೀಲಿ, ಸಿಂಧೂರವರ್ಣಗಳು ಎಚ್ಚರಗೊಳ್ಳುತ್ತವೆ. ಹೂಬಳ್ಳಿಗಳ ನಡುವೆ ನಾನಾ ಬಗೆಯ ಅರಬ್ಬೀ ಲಿಪಿಗಳು ಹೆಣೆದುಕೊಂಡಿವೆ. ಕಜ್ವೀನಿನ ಷುಕ್ರುಲ್ಲಾ ಎಂಬ ಚಿತ್ರಕಾರನ ಹೆಸರು ಅಲ್ಲಿಯೇ ಬರೆದಿದೆ.

ಅಸ್ಸೀಸಿಗೂ ಅಷ್ಟೂರಿಗೂ ಇರುವ ಭೇದವು ಇಲ್ಲಿ ಸ್ಪಷ್ಟವಾಗುತ್ತದೆ. ಅಲ್ಲಿ ಸಂತನ ಚರಿತ್ರೆಯನ್ನು ಮನುಷ್ಯರೂಪಗಳಲ್ಲಿ ಹೇಳಿದರು. ಇಲ್ಲಿ ಮೂರ್ತಿಯಿಲ್ಲ, ಅಕ್ಷರವೇ ಚಿತ್ರವಾಯಿತು. ನಿಯಾಮತುಲ್ಲಾನ ಕವಿತೆಗಳನ್ನೂ, ಗುರುವಿನಿಂದ ಗುರುವಿಗೆ ಇಳಿದುಬಂದ ‘ಷಜರಾ’ವನ್ನೂ ಬರೆದರು. ಷಜರಾ ಎಂದರೆ ಮರ. ಗುರುಪರಂಪರೆಯನ್ನು ಬಲ್ಲ ನಮಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜನರೂ ಇದನ್ನು ಹಾಗೆಯೇ ಗ್ರಹಿಸಿದರು. ಇಲ್ಲಿಯ ವಾರ್ಷಿಕ ಉರುಸು ಹಿಂದೂ ಚಾಂದ್ರಮಾನದಂತೆ ನಡೆಯುವುದು. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಬರುವ ಜಂಗಮರು ಅದರಲ್ಲಿ ಮುಖ್ಯರು. ಶಂಖವನ್ನು ಊದಿ, ತೆಂಗಿನಕಾಯಿ ಒಡೆದು, ಹೂ ಅರ್ಪಿಸುವರು. ಫಾತೇಹಾವೂ ಆಗುವುದು. ಅನೇಕ ಭಕ್ತರಿಗೆ ಅಹಮದ್ ಷಾನೇ ಅಲ್ಲಮಪ್ರಭು. ಹನ್ನೆರಡನೆಯ ಶತಮಾನದ ಶರಣನೆಲ್ಲಿ, ಹದಿನೈದನೆಯ ಶತಮಾನದ ಸುಲ್ತಾನನೆಲ್ಲಿ ಎಂದು ಇತಿಹಾಸಜ್ಞನು ಕೇಳಬಹುದು. ಭಕ್ತನ ಲೆಕ್ಕವು ಇಸವಿಗಳ ಲೆಕ್ಕವಲ್ಲ. ಅಲ್ಲಮನು ಶೂನ್ಯಪೀಠವನ್ನೇರಿದ ಕಲ್ಯಾಣವೂ ಬೀದರ ಜಿಲ್ಲೆಯಲ್ಲಿಯೇ ಇರುವುದನ್ನು ನೆನೆಯಬೇಕು.

1997ರ ಸೆಪ್ಟೆಂಬರ್ 26ರಂದು ಭೂಕಂಪದಿಂದ ಅಸ್ಸೀಸಿಯ ಮೇಲಣ ಮಂದಿರದ ಕಮಾನುಚಾವಣಿಯ ಭಾಗಗಳು ಕುಸಿದು ನಾಲ್ವರು ಮಡಿದರು, ಚಿತ್ರಗಳು ಚೂರುಚೂರಾದವು. ತಜ್ಞರು ಆ ಚೂರುಗಳನ್ನು ಆಯ್ದು ಜೋಡಿಸಿದರು. 1999ರಲ್ಲಿ ಮಂದಿರವು ಮತ್ತೆ ತೆರೆಯಿತು. ಆದರೆ ಎಲ್ಲ ಹಾನಿಯೂ ಭೂಕಂಪದಂತೆ ಸದ್ದುಮಾಡಿ ಬರುವುದಿಲ್ಲ. ತೇವ, ಹೊಗೆ, ಕೈಸೋಂಕು ಇವು ಮೌನವಾಗಿ ಬಣ್ಣವನ್ನು ತಿನ್ನುತ್ತವೆ. ಬಾಗಿಲನ್ನು ಭಕ್ತರಿಗೆ ಮುಚ್ಚಿದರೆ ಚಿತ್ರ ಉಳಿದೀತು, ಅದರ ಪ್ರಾಣ ಹೋದೀತು. ಎಚ್ಚರಿಕೆಯಿಲ್ಲದೆ ತೆರೆದಿಟ್ಟರೆ ಭಕ್ತಿ ಉಳಿದು ಚಿತ್ರ ಹೋದೀತು. ಎರಡನ್ನೂ ಉಳಿಸುವ ಭಾರವು ಪುರಾತತ್ತ್ವ ಇಲಾಖೆಯದು ಮಾತ್ರವಲ್ಲ. ಬೀದರು, ಭಾಲ್ಕಿ, ಔರಾದಗಳ ಜನರದೂ, ನೋಡಲು ಹೋಗುವ ನಮ್ಮೆಲ್ಲರದೂ ಹೌದು. ತಾವು ಅಲ್ಲಿಗೆ ಹೋದಾಗ ಗೋಡೆಯನ್ನು ಮುಟ್ಟದೆ, ಕನ್ನಡಿಯ ಬೆಳಕು ಸರಿದಂತೆ ಕಣ್ಣನ್ನು ಸರಿಸುತ್ತ ನಿಧಾನವಾಗಿ ನೋಡಿರಿ.