ಬೆವರೂ ಕಿವಿಯ ಯಂತ್ರವೂ

ಸಿಂಗಪುರದಲ್ಲಿ ನಮ್ಮೊಡನಿರುವ ತಂದೆಯವರು ದಿನವೂ ಸಂಜೆ ಈಸ್ಟ್ ಕೋಸ್ಟ್ ಪಾರ್ಕಿಗೆ ವಾಕಿಂಗ್ ಹೋಗುತ್ತಿದ್ದರು. ಹೊರಡುವ ಮುನ್ನ ಹಿಯರಿಂಗ್ ಏಡ್ ತೆಗೆದು ಮೇಜಿನ ಮೇಲಿಡುವರು. “ಇಷ್ಟು ದುಡ್ಡಿನ ಸಾಮಾನು, ಬೆವರಿಗೆ ಕೆಟ್ಟರೆ?” ಎಂಬ ಚಿಂತೆ. ಒಂದು ಸಂಜೆ ಹಿಂದಿನಿಂದ ಬಂದ ಸೈಕಲ್ಲಿನ ಗಂಟೆ ಕೇಳಿಸಲಿಲ್ಲ, ಕೂದಲೆಳೆಯಲ್ಲಿ ಪಾರಾದರು. ಮರುದಿನದಿಂದ ವಾಕಿಂಗೇ ನಿಂತಿತು.

ಸಂಘದ ಹಲವು ಮನೆಗಳ ಹಿರಿಯರಿಗೂ ಈ ಅಂಜಿಕೆಯಿರಬಹುದೆಂದು, ರಸಾಯನಶಾಸ್ತ್ರದವರಾದ ನಾವು ತಿಳಿದಷ್ಟು ಬರೆಯುತ್ತಿದ್ದೇವೆ. ಬೆವರಿನ ನೀರು ಆರಿದರೂ ಉಪ್ಪು ಉಳಿದು, ಗಾಳಿಯ ತೇವ ಹೀರಿ, ಯಂತ್ರದೊಳಗಿನ ಲೋಹವನ್ನು ತಿನ್ನುತ್ತದೆ. ತಂದೆಯವರದು ಸತು-ಗಾಳಿ ಬ್ಯಾಟರಿ. ಅದರ ಸಣ್ಣ ರಂಧ್ರದಿಂದ ಆಮ್ಲಜನಕ ಒಳಹೋದರಷ್ಟೇ ವಿದ್ಯುತ್ತು. ಬೆವರು ಆ ರಂಧ್ರ ಮುಚ್ಚಿದರೆ ಯಂತ್ರ ಮೂಕ.

ಉಪಾಯ ಸುಲಭ. ಹಣೆಗೊಂದು ಬೆವರುಪಟ್ಟಿ ಕಟ್ಟುವುದು. ಯಂತ್ರ ಜಾರಿದರೂ ಕಳೆಯದಂತೆ ದಾರ ಕಟ್ಟಿ ಅಂಗಿಗೆ ಕ್ಲಿಪ್ ಹಾಕುವುದು. ಮನೆಗೆ ಬಂದೊಡನೆ ಒಣಬಟ್ಟೆಯಿಂದ ಒರೆಸುವುದು. ರಾತ್ರಿ ಬ್ಯಾಟರಿ ತೆಗೆದು, ಯಂತ್ರವನ್ನಷ್ಟೇ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು. ಬ್ಯಾಟರಿಯನ್ನೂ ಇಟ್ಟರೆ ಅದಕ್ಕೆ ಬೇಕಾದ ಒಳಗಿನ ತೇವವೇ ಆರೀತು. ಹೇರ್ ಡ್ರೈಯರಿನ ಬಿಸಿಗಾಳಿ ಬೇಡ. ‘ಐಪಿ 68’ ಎಂದು ಬರೆದಿದ್ದರೂ ಆ ಪರೀಕ್ಷೆ ಸಿಹಿನೀರಿನದು. ಕಡಲಿನ ಉಪ್ಪಿಗಾಗಲಿ ಈಜುಕೊಳದ ಕ್ಲೋರಿನ್ನಿಗಾಗಲಿ ಅದು ಭರವಸೆಯಲ್ಲ. ಈಜುವಾಗ ತೆಗೆದಿಡಿ, ನಡೆಯುವಾಗ ಮಾತ್ರ ತೆಗೆಯಬೇಡಿ.

ತಂದೆಯವರು ಮತ್ತೆ ವಾಕಿಂಗ್ ಹೊರಟಿದ್ದಾರೆ. ಮೊನ್ನೆ ಹಿಂದೆ ಗಂಟೆ ಕೇಳಿದಾಗ, ಮಾತಿನಲ್ಲಿ ಮೈಮರೆತಿದ್ದ ನಮ್ಮನ್ನು ಪಕ್ಕಕ್ಕೆ ಎಳೆದವರು ಅವರೇ!